ಕರ್ಜತ್‌ಗೆ ಒಂದು ಕಿಟಕಿ ಸೀಟು

ಲೋಕಲ್ ಟ್ರೈನಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಮುಂಬೈಯಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಭವಲ್ಲ, ವಸ್ತುಸ್ಥಿತಿ. ಭಾಂಡುಪ್‌ನಲ್ಲಿ ಮನೆ, ಫೋರ್ಟಿನಲ್ಲಿ ನೌಕರಿ. ಮೀಸೆ ತಾನಾಗಿಯೇ ಕಪ್ಪಗಿದ್ದಾಗ ಶುರುವಾದ ಓಡಾಟ, ಮೀಸೆಗೆ ಬಣ್ಣ ಹಚ್ಚುವ ಈ ಕಾಲದಲ್ಲೂ ನಡೆದೇ ಇದೆ. ಯಾವ ಡಬ್ಬಿ ಹತ್ತಿದರೆ ಇಳಿಯುವಾಗ ಸೇತುವೆ ಎದುರಿಗೇ ಸಿಗುತ್ತದೆ, ಯಾವ ಮನುಷ್ಯನ ಮುಖದಲ್ಲಿ ಘಾಟ್ಕೋಪರ್‌ನಲ್ಲಿ ಇಳಿಯುವ ಲಕ್ಷಣ ಇದೆ, ನಾಲ್ಕನೆಯವನಾಗಿ ಕೂರಲು ಮೂವರನ್ನು ಎಷ್ಟು ಮೃದುವಾಗಿ ಒತ್ತಬೇಕು, ಎಲ್ಲ ನನಗೆ ಕರತಲಾಮಲಕ. ಈ ವಿದ್ಯೆಗೆ ಡಾಕ್ಟರೇಟ್ ಕೊಡುವುದಿದ್ದರೆ ಮೊದಲು ನನಗೇ ಬರಬೇಕು. ಕೊಡುವವರಿಲ್ಲ, ಅಷ್ಟೇ!

ಆದರೆ ಇಷ್ಟು ವರ್ಷವೂ ನಾನು ಓಡಾಡಿದ್ದು ಭಾಂಡುಪ್‌ನಿಂದ ಫೋರ್ಟಿನ ಕೊನೆಯ ಸ್ಟೇಷನ್ ವೀಟಿಗೆ, ವೀಟಿಯಿಂದ ಭಾಂಡುಪ್‌ಗೆ. ಕರ್ಜತ್, ಕಸಾರಾ, ಖೋಪೋಲಿ ಎಂಬವು ನನ್ನ ಪಾಲಿಗೆ ಊರುಗಳಲ್ಲ, ಇಂಡಿಕೇಟರಿನ ಮೇಲೆ ಹೊಳೆಯುವ ಅಕ್ಷರಗಳು. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಧೂಳೆಬ್ಬಿಸಿ ಓಡುವ ಫಾಸ್ಟ್ ಗಾಡಿಗಳು. ಆ ಅಕ್ಷರಗಳ ಕೊನೆಯಲ್ಲಿ ಬೆಟ್ಟ ಇರುತ್ತದೆ, ಹೊಳೆ ಇರುತ್ತದೆ, ಆತುರವಿಲ್ಲದ ಮನುಷ್ಯರಿರುತ್ತಾರೆ ಎಂದು ಯೋಚಿಸಲು ಪುರುಸೊತ್ತು ಯಾರಿಗಿತ್ತು?

ಪುರುಸೊತ್ತು ಮಾಡಿಸಿದವಳು ನನ್ನ ಹೆಂಡತಿ ಸುಮಂಗಲಾ. ವಿಜಯಪುರ ಜಿಲ್ಲೆಯವಳು, ಕೃಷ್ಣಾ ದಂಡೆಯಲ್ಲಿ ಹುಟ್ಟಿ ಬೆಳೆದವಳು. ನಡೆಯಲು ಕಲಿಯುವ ಮೊದಲೇ ನೀರಿಗಿಳಿದಿದ್ದಳಂತೆ. ನನ್ನನ್ನು ಮದುವೆಯಾಗಿ ಭಾಂಡುಪ್‌ಗೆ ಬಂದ ಮೇಲೆ ಅವಳು ನೋಡಿದ ಹರಿಯುವ ನೀರೆಂದರೆ ಬೆಳಗಿನ ನಲ್ಲಿಯ ನೀರು. ಅದೂ ಹರಿಯುವುದಕ್ಕಿಂತ ಕೆಮ್ಮುವುದೇ ಹೆಚ್ಚು. ನವರಾತ್ರಿ ಮುಗಿದ ಮೇಲೆ ಒಂದು ದಿನ ಅವಳು ಬಕೆಟ್ಟಿನ ಮುಂದೆ ಕುಳಿತು ಹೇಳಿದಳು.

"ರೀ, ನನಗ ಬಂಗಾರ ಬ್ಯಾಡ, ರೇಶ್ಮಿ ಸೀರಿ ಬ್ಯಾಡ. ಒಂದ ದಿನ ಹರಿಯೂ ನೀರಾಗ ಕಾಲ ಇಳಿಬಿಟ್ಟು ಕುಂದ್ರಬೇಕಾಗೇತಿ. ಅಷ್ಟ ಮಾಡ್ರಿ, ಸಾಕು."

ಬಂಗಾರ ಬೇಡ ಎಂದ ಹೆಂಡತಿಯ ಆಸೆಯನ್ನು ಈಡೇರಿಸದ ಗಂಡನಿಗೆ ನರಕದಲ್ಲೂ ನಿಲ್ಲಲು ಜಾಗ ಸಿಗಲಿಕ್ಕಿಲ್ಲ! ವಿಲೆ ಪಾರ್ಲೆಯಲ್ಲಿ ಕಾಲೇಜಿಗೆ ಹೋಗುವ ಮಗಳು ಶ್ರುತಿ ಕೂಡಲೇ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಮುಂಬೈ ಹತ್ತಿರದ ಸಣ್ಣ ಊರುಗಳು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಕಡಿಮೆ ಖರ್ಚು. ಅದರಲ್ಲಿ ಕರ್ಜತ್ ಇತ್ತು. ಸ್ಟೇಷನ್ನಿನಿಂದ ನಡೆಯುವಷ್ಟು ದೂರದಲ್ಲಿ ಉಲ್ಹಾಸ ನದಿ. ಭಾನುವಾರ ಹೋಗುವುದೆಂದು ನಾನು ಘೋಷಿಸಿದೆ. ಪಕ್ಕದ ಮನೆಯ ಗುಲಾಬಕ್ಕ ತಾನೂ ಬರುತ್ತೇನೆಂದರು. ಉಡುಪಿ ಕಡೆಯವರು. ಗಂಡ ಹೋಟೆಲಿನ ಗಲ್ಲಾದಲ್ಲಿ ಕೂರುವವರಾದ್ದರಿಂದ ಭಾನುವಾರ ಅವರಿಗೆ ಗಂಡನೂ ಇಲ್ಲ, ತಿರುಗಾಟವೂ ಇಲ್ಲ.

ಶನಿವಾರ ಸಂಜೆ ಮೂವರನ್ನೂ ಕೂರಿಸಿಕೊಂಡು ಯೋಜನೆಯನ್ನು ವಿವರಿಸಿದೆ.

"ಮುಂಜಾನೆ ಮೊದಲ ವೀಟಿಗೆ ಹೋಗೂದು. ಅಲ್ಲಿಂದ ಕರ್ಜತ್ ಗಾಡಿ ಹಿಡಿಯೂದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲ ಅಣ್ಣಾ, ಕರ್ಜತ್ ಆಚೆ ಕಡೆ ಅಲ್ವಾ? ನಾವು ಈಚೆ ಕಡೆ ಹೋಗುದು ಎಂತಕ್ಕೆ?" ಎಂದರು ಗುಲಾಬಕ್ಕ.

"ಪಪ್ಪಾ, ಯೇ ತೋ ಉಲ್ಟಾ ಹೈ. ನಾವು ಆಗೆ ಹೋಗೋಕೆ ಪೀಛೆ ಯಾಕೆ ಹೋಗ್ತಾ ಇದೆ?" ಎಂದಳು ಮಗಳು, ಅವಳ ಕನ್ನಡದಲ್ಲಿ.

"ಠಾಣೆಗೆ ಹೋಗಿ ಗಾಡಿ ಬದಲ್ಸಿದ್ರ ಆಗೂದಿಲ್ಲೇನ್ರಿ?" ಎಂದಳು ಸುಮಂಗಲಾ.

ನಾನು ಕನಿಕರದಿಂದ ನಕ್ಕೆ. ಫಾಸ್ಟ್ ಗಾಡಿಗಳು ನಿಲ್ಲುವ ಠಾಣೆ ನಮಗೆ ಹತ್ತಿರವೇ, ಆದರೆ ಅಲ್ಲಿಗೆ ಬರುವ ಹೊತ್ತಿಗೆ ಕರ್ಜತ್ ಗಾಡಿಯಲ್ಲಿ ಸೀಟು ಎಲ್ಲಿರುತ್ತದೆ? ಸೀಟು ಬೇಕೆಂದರೆ ಗಾಡಿ ಹೊರಡುವ ಮೊದಲ ಸ್ಟೇಷನ್ನಿಗೇ ಹಿಂದಕ್ಕೆ ಹೋಗಿ ಕೂತು ಬರಬೇಕು. ಇದಕ್ಕೆ 'ರಿಟರ್ನ್' ಮಾಡುವುದು ಎನ್ನುತ್ತಾರೆ. ಇದು ಮುಂಬೈಕರರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಶಾಸ್ತ್ರ.

"ಐತ್ವಾರ ಮುಂಜಾನೆ ಗಾಡ್ಯಾಗ ಯಾರ ಇರ್ತಾರ್ರಿ?" ಎಂದು ಸುಮಂಗಲಾ ಮತ್ತೆ ಕೇಳಿದಳು. ಇಂಥ ಅಪಕ್ವ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಭಾನುವಾರ ಬೆಳಿಗ್ಗೆ ವೀಟಿಗೆ ಒಂದು ಟಿಕೆಟ್, ವೀಟಿಯಿಂದ ಕರ್ಜತ್‌ಗೆ ಇನ್ನೊಂದು ಟಿಕೆಟ್ ತೆಗೆಸಿದೆ. ಕಡಿಮೆ ಖರ್ಚಿನ ಪ್ರವಾಸ ಅಲ್ಲೇ ಒಂದು ಸಲ ಬಿಕ್ಕಳಿಸಿತು. ವೀಟಿಯಲ್ಲಿ ಕರ್ಜತ್ ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆ, ಅದು ನಿಲ್ಲುವ ಮೊದಲೇ ಒಳಗೆ ಹಾರಿದೆ. ಕಿಟಕಿಯ ಬಳಿ ಒಂದು ಕರ್ಚೀಫು, ಎದುರಿಗೆ ನೀರಿನ ಬಾಟಲಿ, ಪಕ್ಕದಲ್ಲಿ ಪೇಪರು, ಕೊನೆಗೆ ನಾನು. ನಾಲ್ಕು ಸೀಟು ಸ್ವಾಧೀನ! ಹಣೆಯ ಬೆವರು ಒರೆಸಿಕೊಂಡು ಸುತ್ತಲೂ ನೋಡಿದೆ. ಇಡೀ ಡಬ್ಬಿಯಲ್ಲಿ ನನ್ನನ್ನು ಬಿಟ್ಟರೆ ಒಬ್ಬನಿದ್ದ. ಅವನು ಮೂರು ಸೀಟಿನ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದ.

ಹೆಂಗಸರು ನಿಧಾನವಾಗಿ ಮಾತಾಡುತ್ತ ಬಂದು, ನಾನು ಹಿಡಿದ ಸೀಟು ಬಿಟ್ಟು ಗಾಳಿ ಚೆನ್ನಾಗಿದೆಯೆಂದು ಆಚೆ ಬದಿಗೆ ಕುಳಿತರು.

ಗಾಡಿ ಹೊರಟಿತು. ಬಹಳ ಹೊತ್ತಿನ ಮೇಲೆ ಭಾಂಡುಪ್ ಸ್ಟೇಷನ್ನನ್ನು ನಿಲ್ಲದೆ ದಾಟಿತು. ನಮ್ಮ ಬಿಲ್ಡಿಂಗಿನ ಮೇಲಿನ ನೀರಿನ ಟಾಂಕಿ ಸ್ಪಷ್ಟವಾಗಿ ಕಂಡಿತು.

"ನೋಡ್ರಿ, ನಮ್ಮ ಮನಿ. ಮುಂಜಾನೆ ಇಲ್ಲೇ ಇದ್ವಿ" ಎಂದಳು ಸುಮಂಗಲಾ.

"ಗ್ಯಾಸ್ ಬಂದ್ ಮಾಡಿದ್ದೇನಾ ಇಲ್ವಾ ಅಂತ ಒಂದು ಡೌಟ್ ಇತ್ತು. ನಿಲ್ತಿದ್ರೆ ನೋಡಿ ಬರ್ಬಹುದಿತ್ತು" ಎಂದರು ಗುಲಾಬಕ್ಕ.

ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ. ಬದಲಾಪುರ ದಾಟಿದ ಮೇಲೆ ಅದನ್ನು ನಾನಾಗಿಯೇ ಕೆಳಗಿಟ್ಟೆ. ಕಟ್ಟಡಗಳು ಮುಗಿದಿದ್ದವು. ಮುಗಿಯುತ್ತವೆ ಎಂದೇ ನನಗೆ ಗೊತ್ತಿರಲಿಲ್ಲ! ಹಳದಿಗೆ ತಿರುಗುತ್ತಿದ್ದ ಭತ್ತದ ಗದ್ದೆಗಳು ಹಳಿಯವರೆಗೂ ಬಂದಿದ್ದವು. ಅವುಗಳ ಆಚೆ ಆಕಾಶದ ಅರ್ಧವನ್ನು ತಿಂದುಕೊಂಡು ಬೆಟ್ಟ ನಿಂತಿತ್ತು. ದಿನಾ ನನ್ನ ಮೂಗಿನ ಮುಂದೆ ಹಾದುಹೋಗುವ ಗಾಡಿ ದಿನಾ ಇಲ್ಲಿಗೆ ಬಂದು ಹೋಗುತ್ತಿತ್ತು. ನಾನು ಮಾತ್ರ ಬಂದಿರಲಿಲ್ಲ. ನಿಜವಾಗಿಯೂ ಬೆರಗಾಯಿತು. ಕಿಟಕಿಗೆ ಹಣೆ ಒತ್ತಿಕೊಂಡು ಸುಮ್ಮನೆ ಕುಳಿತೆ.

ಆದರೆ ನೇರಳ್ ಸ್ಟೇಷನ್ ಬಿಟ್ಟಿದ್ದೇ ತಡ, ರಕ್ತದಲ್ಲಿದ್ದದ್ದು ಎದ್ದು ನಿಂತಿತು. ಇಳಿಯುವ ಸ್ಟೇಷನ್ನಿಗೆ ಮೊದಲೇ ಬಾಗಿಲಲ್ಲಿ ಸಾಲು ಹಚ್ಚದಿದ್ದರೆ ಇಳಿಯಲು ಸಾಧ್ಯವೇ? ಮೂವರನ್ನೂ ಎಬ್ಬಿಸಿದೆ. ಬುತ್ತಿಯ ಚೀಲವನ್ನು ಎದೆಗವಚಿಕೊಂಡೆ. ಬಾಗಿಲಲ್ಲಿ ಗಾಳಿಗೆ ನಿಂತಿದ್ದ ಒಬ್ಬನ ಹೆಗಲು ತಟ್ಟಿ, ಕರ್ಜತ್‌ನಲ್ಲಿ ಇಳಿಯುವವನೇ ಎಂದು ಖಡಕ್ಕಾಗಿ ಕೇಳಿದೆ.

"ಕರ್ಜತ್ ಉತರ್‌ನಾ ಹೈ ಕ್ಯಾ?"

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಭಾವೂ, ಗಾಡೀಚ್ ತಿಥೇ ಸಂಪತೇ" ಎಂದ. ಅಣ್ಣಾ, ಗಾಡಿಯೇ ಅಲ್ಲಿಗೆ ಮುಗಿಯುತ್ತದೆ!

ಶ್ರುತಿ ನನ್ನ ಮಗಳೇ ಅಲ್ಲವೆಂಬಂತೆ ದೂರ ಸರಿದು ನಿಂತಳು.

ಕರ್ಜತ್‌ನಲ್ಲಿ ಇಳಿದವನೇ ಫೋರ್ಟಿನ ವೇಗದಲ್ಲಿ ಹೊರಟೆ. ಎಲ್ಲರನ್ನೂ ಹಿಂದೆ ಹಾಕಿ, ಒಂದು ಎಮ್ಮೆಯನ್ನೂ ಹಿಂದೆ ಹಾಕಿ, ಬಹಳ ಮುಂದೆ ಹೋಗಿ ತಿರುಗಿ ನೋಡಿದರೆ ನನ್ನವರು ಯಾರೂ ಇಲ್ಲ. ಅವರು ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುವ ಅಜ್ಜಿಯನ್ನು ದಾರಿ ಕೇಳಿ, ಅವಳ ಮೊಮ್ಮಗಳ ಮದುವೆ ಎಲ್ಲಿ ಗೊತ್ತಾಯಿತೆಂಬುದನ್ನೂ ತಿಳಿದುಕೊಂಡು, ಎದುರಿನ ರಸ್ತೆ ಹಿಡಿದಿದ್ದರು. ನಾನು ವಾಪಸು ಓಡಿ, ಅದೇ ಎಮ್ಮೆಗೆ ಇನ್ನೊಮ್ಮೆ ಮುಖ ತೋರಿಸಿ, ಅವರನ್ನು ಕೂಡಿಕೊಂಡೆ.

ಹೊಳೆ ಕಂಡಿತು. ಮಳೆಗಾಲದ ಕೆಸರು ಇಳಿದು ನೀರು ತಿಳಿಯಾಗಿತ್ತು. ಕರಿಬಂಡೆಗಳ ನಡುವೆ ಸಣ್ಣಗೆ ಸದ್ದು ಮಾಡುತ್ತ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು. ಅವರ ಹಿಂದೆ ಹಸಿರು, ಹಸಿರಿನ ಹಿಂದೆ ಸಹ್ಯಾದ್ರಿ. ಸುಮಂಗಲಾ ಮಾತು ನಿಲ್ಲಿಸಿದಳು. ಮದುವೆಯಾದಾಗಿನಿಂದ ಅವಳು ಹೀಗೆ ಮಾತು ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ.

ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗುಲಾಬಕ್ಕನ ಬನ್ಸ್. ವೀಟಿಯ ತೀರ್ಥಯಾತ್ರೆಯಿಂದಾಗಿ ಊಟಕ್ಕೇ ಬಹಳ ತಡವಾಗಿತ್ತು. ಕೈ ತೊಳೆದು ಗಡಿಯಾರ ನೋಡಿದೆ. ಭಾನುವಾರ ಸಂಜೆ! ಪಿಕ್ನಿಕ್ಕಿಗೆ ಬಂದವರೆಲ್ಲ ಒಟ್ಟಿಗೆ ವಾಪಸು ಹೊರಡುವ ಹೊತ್ತು! ಈಗ ಹೊರಡದಿದ್ದರೆ ಸೀಟು?

ಸುಮಂಗಲಾ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಂದು ಕಾಲನ್ನು ನೀರಿನ ಕಡೆ ಚಾಚಿದ್ದಳು.

"ಏ, ನಡಿ ನಡಿ! ಗದ್ದಲ ಆಗೂದ್ರಾಗ ಗಾಡಿ ಹಿಡಿಯೂನು. ನೀರ ಮತ್ತೊಮ್ಮೆ ನೋಡಬಹುದು" ಎಂದೆ.

ಅವಳು ನೀರನ್ನು ನೋಡಿದಳು. ನನ್ನನ್ನು ನೋಡಿದಳು. ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಚಪ್ಪಲಿಯಲ್ಲಿ ತೂರಿಸಿದಳು. ಏನೂ ಅನ್ನಲಿಲ್ಲ. ಅನುಭವಸ್ಥ ಗಂಡಂದಿರಿಗೆ ಈ 'ಏನೂ ಅನ್ನಲಿಲ್ಲ'ದ ಅರ್ಥ ಗೊತ್ತು. ಆದರೆ ನನ್ನ ತಲೆಯಲ್ಲಿ ಆಗ ಸೀಟಿನ ಹೊರತು ಬೇರೇನೂ ಇರಲಿಲ್ಲ.

ಸ್ಟೇಷನ್ ತಲುಪುವಷ್ಟರಲ್ಲಿ ಮುಂಬೈ ಕಡೆಯಿಂದ ಒಂದು ಲೋಕಲ್ ಒಳಗೆ ಬರುತ್ತಿತ್ತು. ನನ್ನ ಶಾಸ್ತ್ರ ಸ್ಪಷ್ಟವಾಗಿತ್ತು. ಗಾಡಿ ಕರ್ಜತ್‌ಗೆ ಮುಗಿಯುತ್ತದೆ, ಮುಗಿದ ಗಾಡಿ ತಿರುಗಿ ಮುಂಬೈಗೆ ಹೋಗಲೇಬೇಕು, ಇನ್ನೆಲ್ಲಿಗೆ ಹೋದೀತು! ಬೋರ್ಡು ಓದುವುದು ಹೊಸಬರ ಕೆಲಸ. ಬುತ್ತಿಯ ಚೀಲದೊಂದಿಗೆ ಓಡಿ, ಗಾಡಿ ನಿಲ್ಲುವ ಮೊದಲೇ ಹಾರಿದೆ. ಕರ್ಚೀಫು, ಬಾಟಲಿ, ಚೀಲ, ನಾನು. ನಾಲ್ಕು ಸೀಟು, ಅದರಲ್ಲಿ ಎರಡು ಕಿಟಕಿ!

"ಬರ್ರೀ! ಲಗೂ ಬರ್ರೀ!" ಎಂದು ಕಿಟಕಿಯಿಂದ ಕೈ ಬೀಸಿದೆ. ಮೂವರೂ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಡೆದು ಬರುತ್ತಿದ್ದರು. ಅಷ್ಟರಲ್ಲಿ ಗಾಡಿ ಹೊರಟಿತು. ಬಂದ ಕಡೆಗಲ್ಲ, ಮುಂದಕ್ಕೆ.

ಇಳಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಗಾಡಿ ಇನ್ನೂ ತೆವಳುತ್ತಿತ್ತು, ಬಾಗಿಲು ಎರಡೇ ಹೆಜ್ಜೆಯಲ್ಲಿತ್ತು. ಆದರೆ ಹಿಡಿದ ನಾಲ್ಕು ಸೀಟುಗಳನ್ನು ಬಿಟ್ಟು ಇಳಿಯುವುದು ಹೇಗೆ? ಆ ವಿದ್ಯೆಯನ್ನು ನಾನು ಕಲಿತಿರಲಿಲ್ಲ!

ಎದುರು ಕುಳಿತಿದ್ದ ಟೋಪಿಯ ಮುದುಕರು "ಕುಠೇ ಚಾಲ್ಲಾತ?" ಎಂದು ಕೇಳಿದರು, ಎಲ್ಲಿಗೆ ಹೊರಟಿರಿ ಎಂದು.

"ಮುಂಬೈ" ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಹಳ ಸೌಜನ್ಯದಿಂದ, ಈ ಗಾಡಿ ಖೋಪೋಲಿಗೆ ಹೋಗುತ್ತದೆ, ಮುಂಬೈಗೆ ಹೋಗಲು ಇದಕ್ಕಿಂತ ಹತ್ತಿರದ ದಾರಿಯೂ ಇದೆ ಎಂದರು.

ಮೊಬೈಲ್ ರಿಂಗಾಯಿತು.

"ರೀ, ಎಲ್ಲಿಗೆ ಹೊಂಟೀರಿ?"

"ಖೋಪೋಲಿಗೆ."

"ಅಲ್ಲೇನೈತಿ?"

"ಗೊತ್ತಿಲ್ಲ."

"ಮತ್ಯಾಕ ಹೊಂಟೀರಿ?"

"ಸೀಟ ಸಿಕ್ಕಿತ್ತು" ಎಂದೆ. ಬೇರೆ ಕಾರಣ ಹೊಳೆಯಲಿಲ್ಲ.

ಬೈಗುಳಕ್ಕೆ ಕಿವಿಯನ್ನು ಸಜ್ಜುಮಾಡಿಕೊಂಡೆ. ಆದರೆ ಕೇಳಿದ್ದು ಬೇರೆಯೇ ಧ್ವನಿ. ಹಗುರವಾದ, ಹರೆಯದ ಹುಡುಗಿಯ ಧ್ವನಿ. "ಆತ್ರಿ. ಸಾವಕಾಶ ಹೋಗಿ ಬರ್ರಿ. ಅಲ್ಲೀತನಕ ನಾವು ಹೊಳಿಗೆ ಹೋಗಿರ್ತೀವಿ!" ಹಿಂದಿನಿಂದ ಗುಲಾಬಕ್ಕ "ಅಣ್ಣನಿಗೆ ಗಡಿಬಿಡಿ ಮಾಡುದು ಬೇಡ ಅಂತ ಹೇಳಿ" ಎಂದದ್ದೂ ಕೇಳಿಸಿತು.

ಮುಂದಿನ ಸ್ಟೇಷನ್ನಿನಲ್ಲಿ ಒಬ್ಬಾಕೆ ಸೌತೆಕಾಯಿ ಬುಟ್ಟಿಯೊಂದಿಗೆ ಹತ್ತಿ, ಕರ್ಚೀಫಿನ ಸೀಟು ತೋರಿಸಿ, ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದಳು. "ಹೌದು, ಫ್ಯಾಮಿಲಿ ಇದೆ" ಎಂದುಬಿಟ್ಟೆ! ಫ್ಯಾಮಿಲಿ ಕರ್ಜತ್‌ನಲ್ಲಿತ್ತು. ಅವಳು ಸುತ್ತಲೂ ನೋಡಿ, ನನ್ನ ಫ್ಯಾಮಿಲಿಗೆ ಏನಾಗಿರಬಹುದೆಂದು ಮರುಗಿದವಳಂತೆ ನಿಂತೇ ಇದ್ದಳು. ನಾಚಿಕೆಯಾಗಿ ಕರ್ಚೀಫು, ಬಾಟಲಿ, ಚೀಲ ಎಲ್ಲವನ್ನೂ ಮಡಿಲಿಗೆ ಎಳೆದುಕೊಂಡೆ. ಅವಳು ಕುಳಿತು ಒಂದು ಸೌತೆಕಾಯಿ ಕೊಟ್ಟಳು. ದುಡ್ಡು ಕೊಡಹೋದರೆ ಬೇಡವೆಂದಳು. ಲೋಕಲ್ಲಿನಲ್ಲಿ ಸೀಟು ಬಿಟ್ಟುಕೊಟ್ಟವನಿಗೆ ಇಂಥದ್ದೊಂದು ಸಿಗುತ್ತದೆಂದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ.

ಸೌತೆಕಾಯಿ ಕಡಿಯುತ್ತ ಹೊರಗೆ ನೋಡಿದೆ. ಕಡಿಯುವುದು ಮರೆತುಹೋಯಿತು. ಬೆಟ್ಟ ಈಗ ದೂರದಲ್ಲಿರಲಿಲ್ಲ, ಕಿಟಕಿಯ ಒಳಗೇ ಬಂದಿತ್ತು. ಅದರ ನೆತ್ತಿ ನೋಡಲು ಕತ್ತು ಹೊರಹಾಕಬೇಕಾಯಿತು. ಕಪ್ಪು ಬಂಡೆಯ ಮೇಲಿಂದ ಒಂದು ಬಿಳಿಯ ನೀರಿನ ಎಳೆ ಇಳಿಯುತ್ತಿತ್ತು. ಅದಕ್ಕೂ ಮೇಲೆ ಪುಣೆಗೆ ಹೋಗುವ ಗಾಡಿಯೊಂದು ಘಾಟಿ ಹತ್ತುತ್ತಿತ್ತು, ಮಕ್ಕಳ ಆಟಿಕೆಯಷ್ಟು ಸಣ್ಣದಾಗಿ. ಅಷ್ಟು ದೊಡ್ಡದರ ಎದುರು ಯಾರು ಕಿಟಕಿಯಲ್ಲಿ ಕೂತರು, ಯಾರು ನಿಂತರು ಎಂಬುದೆಲ್ಲ ಏನು ಮಹಾ! ಮುದುಕರನ್ನು ಕೇಳಿದೆ, "ಇದು ಯಾವಾಗಲೂ ಹೀಗೇ ಇರುತ್ತದೆಯೇ?" ಅವರು ಬೆಟ್ಟದ ಕಡೆ ತಿರುಗಿ, ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರಂತೆ ನೋಡಿ, ಹೌದೆಂದರು.

ಖೋಪೋಲಿಯಲ್ಲಿ ಗಾಡಿ ತಿರುಗುವವರೆಗೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತು ಉಳಿದಿದ್ದ ಬನ್ಸ್ ಎಲ್ಲವನ್ನೂ ತಿಂದು ಮುಗಿಸಿದೆ. ವಿಸ್ಮಯಕ್ಕೂ ಹಸಿವಿಗೂ ಇಷ್ಟು ಹತ್ತಿರದ ಸಂಬಂಧ ಇದೆಯೆಂದು ಅಂದೇ ಗೊತ್ತಾದದ್ದು.

ಕರ್ಜತ್‌ನಲ್ಲಿ ಇಳಿದು ಹೊಳೆಗೆ ನಡೆದೆ. ಈ ಸಲ ಓಡಲಿಲ್ಲ. ಬಿಸಿಲು ಇಳಿದು ನೀರು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಸುಮಂಗಲಾ ಹೊಳೆಯ ನಡುವಿನ ಬಂಡೆಯ ಮೇಲೆ ಕುಳಿತಿದ್ದಳು. ಮೊಣಕಾಲವರೆಗೆ ನೀರು, ಮುಡಿ ಬಿಚ್ಚಿತ್ತು. ಬಟ್ಟೆ ಒಗೆಯುವ ಹೆಂಗಸರಿಗೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತನ್ನೂರಿನ ಹೊಳೆಯ ಸುದ್ದಿ ಹೇಳಿ ನಗಿಸುತ್ತಿದ್ದಳು. ಶ್ರುತಿ ಅಮ್ಮನನ್ನು ಹೊಸದಾಗಿ ನೋಡುವವಳಂತೆ ಬಾಯಿ ಬಿಟ್ಟು ಕೇಳುತ್ತಿದ್ದಳು. ನಾನೂ ದಂಡೆಯಲ್ಲಿ ಹಾಗೆಯೇ ನಿಂತೆ. ಬೆಟ್ಟ ಕಂಡಾಗ ಆದದ್ದಕ್ಕಿಂತ ದೊಡ್ಡ ಬೆರಗು ಇದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಈ ನಗುವನ್ನು ನೋಡಿರಲಿಲ್ಲ.

ಬೂಟು ಕಳಚಿ, ಪ್ಯಾಂಟು ಮಡಚಿ, ಎಡವುತ್ತ ಹೋಗಿ ಪಕ್ಕದಲ್ಲಿ ಕುಳಿತೆ. ನೀರು ತಣ್ಣಗೆ ಕಾಲನ್ನು ಸುತ್ತಿಕೊಂಡಿತು.

"ನಿನಗ ಇದು ಇಷ್ಟ ಬೇಕಾಗಿತ್ತು ಅಂತ ಮೊದಲ ಯಾಕ ಹೇಳಲಿಲ್ಲ?" ಎಂದೆ.

"ಮದಿವ್ಯಾದ ವರ್ಷದಿಂದ ಹೇಳಾಕತ್ತೇನ್ರಿ. ನೀವು ಸೀಟ ಹುಡುಕೂದ್ರಾಗ ಇದ್ರಿ" ಎಂದಳು, ಸಿಟ್ಟಿಲ್ಲದೆ.

ಕತ್ತಲಾಗುವ ಮೊದಲು ಅವಳೇ ಎದ್ದಳು. ಸ್ಟೇಷನ್ನಿನಲ್ಲಿ ಪಿಕ್ನಿಕ್ಕಿನ ಜನವೆಲ್ಲ ಜಮಾಯಿಸಿತ್ತು. ಗಾಡಿ ಬಂತು. ಇನ್ನೊಮ್ಮೆ ಮೋಸ ಹೋಗುವವನಲ್ಲ ನಾನು! ಬೋರ್ಡು ಓದಿದೆ. ವಡಾಪಾವಿನವನನ್ನು ಕೇಳಿದೆ. ಒಬ್ಬ ಪೊಲೀಸನನ್ನು ಕೇಳಿದೆ. ಎಂಜಿನ್ನು ಯಾವ ಕಡೆ ಮುಖ ಮಾಡಿದೆಯೆಂದು ಬಗ್ಗಿ ನೋಡಿದೆ. ಲೋಕಲ್ಲಿಗೆ ಎರಡೂ ಕಡೆ ಮುಖವೆಂಬುದು ಆಗ ನೆನಪಾಯಿತು. ಮುಂಬೈಗೇ ಹೋಗುತ್ತದೆಂದು ಸಂಪೂರ್ಣ ಖಾತ್ರಿಯಾದ ಮೇಲೆ ಗಂಭೀರವಾಗಿ ಒಳಗೆ ಕಾಲಿಟ್ಟೆ. ಇಟ್ಟ ಕಾಲು ಅಲ್ಲೇ ಸಿಕ್ಕಿಕೊಂಡಿತು. ಡಬ್ಬಿ ತುಂಬಿ ತುಳುಕುತ್ತಿತ್ತು.

ಜನರ ಭುಜಗಳ ನಡುವಿನಿಂದ ನೋಡಿದರೆ ಒಳಗೆ ಮೂವರೂ ಕುಳಿತಿದ್ದರು. ಸುಮಂಗಲಾ ಕಿಟಕಿಯಲ್ಲಿ, ಒದ್ದೆ ಸೀರೆಯ ಅಂಚು ಹಿಂಡಿಕೊಳ್ಳುತ್ತ.

"ನನಗ?" ಎಂದು ಸನ್ನೆ ಮಾಡಿದೆ.

"ಹಿಡೀಲಿಲ್ರಿ" ಎಂದು ಅವಳು ಇಡೀ ಡಬ್ಬಿಗೆ ಕೇಳುವಂತೆ ಕೂಗಿದಳು. "ನೀವು ನಮ್ಮ ಸಂಗಾಟ ಬರವರೋ, ಮತ್ತ ಖೋಪೋಲಿಗೆ ಹೋಗವರೋ, ಗೊತ್ತಾಗಲಿಲ್ಲ!"

ಡಬ್ಬಿಯೆಲ್ಲ ನಕ್ಕಿತು. ಕನ್ನಡ ಬಾರದವರೂ ಖೋಪೋಲಿ ಎಂಬಷ್ಟರಿಂದಲೇ ಕಥೆಯನ್ನು ಊಹಿಸಿಕೊಂಡು ನಕ್ಕರು. ಲೋಕಲ್ ವಿದ್ಯೆಯಲ್ಲಿ ಪಾರಂಗತನಾದ ನಾನು ಕರ್ಜತ್‌ನಿಂದ ಠಾಣೆಯವರೆಗೆ ಒಂಟಿ ಕಾಲಿನಲ್ಲಿ ನಿಂತು ಬಂದೆ. ಇನ್ನೊಂದು ಕಾಲಿನ ಮೇಲೆ ಬೇರೆ ಯಾರೋ ನಿಂತಿದ್ದರು!